ಅಗ್ಗದ ಅಂಗಿಯ ನಿಜವಾದ ಬೆಲೆ

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನಮ್ಮಲ್ಲಿ ಹುಟ್ಟಿದುದಾದರೂ ಅದರ ಅನ್ವಯಕ್ಕೆ ದೇಶದ ಎಲ್ಲೆಯಿಲ್ಲ. ಸ್ವೀಡನ್ ದೇಶದ ಎಚ್ ಅಂಡ್ ಎಂ ಎಂಬ ಸಿದ್ಧ ಉಡುಪಿನ ವರ್ತಕಸಂಸ್ಥೆಯು ಭೂಮಿಯ ಹಿತವನ್ನೂ ದುಡಿಯುವವರ ಹಕ್ಕನ್ನೂ ಲೋಕಕ್ಕೆಲ್ಲ ಸಾರುತ್ತ ಬಂದಿದೆ. ಆ ಮಾತಿಗೂ ನಡತೆಗೂ ಇರುವ ಅಂತರವನ್ನು ಅಳೆಯಲು ನಾವು ಸಮುದ್ರವನ್ನು ದಾಟಬೇಕಾಗಿಲ್ಲ. ಶ್ರೀರಂಗಪಟ್ಟಣದವರೆಗೆ ಹೋದರೆ ಸಾಕು.

ಅಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಕಾರ್ಖಾನೆಯೊಂದು ಈ ಸಂಸ್ಥೆಗಾಗಿ ಉಡುಪು ಹೊಲಿಯುತ್ತಿದ್ದಿತು. 2020ರ ಜೂನ್ ತಿಂಗಳಲ್ಲಿ, ಬೇಡಿಕೆ ಕುಗ್ಗಿತೆಂದು ಹೇಳಿ, ಸಾವಿರದ ಇನ್ನೂರಕ್ಕೆ ಮೇಲ್ಪಟ್ಟ ಕೆಲಸಗಾರರನ್ನು ಹೊರಗೆ ನಿಲ್ಲಿಸಿದರು. ಅವರಲ್ಲಿ ಅಧಿಕಭಾಗ ಸ್ತ್ರೀಯರು. ಸರಕಾರದ ಪೂರ್ವಾನುಮತಿಯಿಲ್ಲದ ಈ ಕ್ರಮ ಸಲ್ಲದೆಂದು ಕಾರ್ಮಿಕಸಂಘವು ಆಕ್ಷೇಪಿಸಿತು. ಆ ಹೆಂಗಸರು ಕಾರ್ಖಾನೆಯ ಆವರಣದಲ್ಲಿ ವಾರಗಟ್ಟಲೆ ಕುಳಿತು ಹೋರಾಡಬೇಕಾಯಿತು. ಮರಳಿ ಕೆಲಸ ಕೊಡುವ, ಸಂಘವನ್ನು ಮನ್ನಿಸುವ ಒಪ್ಪಂದವಾದುದು 2021ರಲ್ಲಿ. ಅಷ್ಟು ತಿಂಗಳು ಅವರ ಒಲೆ ಹೇಗೆ ಉರಿಯಿತೆಂದು ಕೇಳಿದವರು ಯಾರು?

ಮತ್ತೊಂದು ಅನ್ಯಾಯವು ಒಂದು ಸಂಸ್ಥೆಗೆ ಸೇರಿದುದಲ್ಲ. 2020ರ ಏಪ್ರಿಲಿನಿಂದ ಸಲ್ಲಬೇಕಾಗಿದ್ದ ತುಟ್ಟಿಭತ್ಯ ತಿಂಗಳಿಗೆ 417 ರೂಪಾಯಿ 60 ಪೈಸೆ. ಹೈಕೋರ್ಟು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಾಕಿಸಹಿತ ಕೊಡತಕ್ಕುದೆಂದು ವಿಧಿಸಿದರೂ, ವಿದೇಶದ ದೊಡ್ಡ ಅಂಗಡಿಗಳಿಗೆ ಹೊಲಿಯುವ ಎಷ್ಟೋ ಕಾರ್ಖಾನೆಗಳು 2021ರ ಕೊನೆಯವರೆಗೂ ತೆತ್ತಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡನು! ಇಪ್ಪತ್ತಾರು ದಿನಗಳಿಗೆ ಹಂಚಿದರೆ ಈ ಮೊತ್ತ ದಿನಕ್ಕೆ ಹದಿನಾರು ರೂಪಾಯಿ. ಗಾಂಧಿಬಜಾರಿನ ಹೋಟಲಿನಲ್ಲಿ ಇಷ್ಟಕ್ಕೆ ಇಂದು ಒಂದು ಲೋಟ ಕಾಫಿ ಸಿಗುವುದೂ ಸಂದೇಹ.

“ಕಾರ್ಖಾನೆ ನಮ್ಮದಲ್ಲ, ನಾವು ಕೊಳ್ಳುವವರು ಮಾತ್ರ” ಎಂಬುದು ಇಂಥ ವರ್ತಕರ ವಾಡಿಕೆಯ ಸಮಾಧಾನ. ಬಣ್ಣ, ಅಳತೆ, ಗಡುವು, ದರ ಎಲ್ಲವನ್ನೂ ಗೊತ್ತುಮಾಡುವವರು ಕೂಲಿಯ ಮಾತು ಬಂದೊಡನೆ ಪರಕೀಯರಾಗುವುದು ಯಾವ ನ್ಯಾಯ? ಕೂಲಿ ಏರಿದರೆ ವ್ಯಾಪಾರ ಪರದೇಶಕ್ಕೆ ಹೋದೀತೆಂದು ಕೆಲವರು ಹೆದರಿಸುತ್ತಾರೆ. ಆ ಹದಿನಾರು ರೂಪಾಯಿಯನ್ನು ಒಬ್ಬಳ ಕೈಯಲ್ಲಿ ದಿನವೊಂದಕ್ಕೆ ಸಾಗುವ ಉಡುಪುಗಳ ಮೇಲೆ ಹಂಚಿ ನೋಡಲಿ. ಒಂದೊಂದಕ್ಕೆ ಬೀಳುವ ಭಾರ ಅತ್ಯಲ್ಪ.

ಇನ್ನು ಭೂಮಿಯ ಹಿತ. ಒಂದು ಹತ್ತಿಯ ಟೀ ಶರ್ಟಿಗೆ ಸುಮಾರು 2,700 ಲೀಟರು ನೀರು ಬೇಕೆಂದು ಲೆಕ್ಕ. ಒಬ್ಬನು ಎರಡೂವರೆ ವರ್ಷ ಕುಡಿಯುವಷ್ಟು. ಬಟ್ಟೆಯನ್ನು ಅಗ್ಗಮಾಡಿ, ಬೇಗ ಬಿಸಾಡುವುದನ್ನು ಕಲಿಸಿ, ಅನಂತರ ಹಸುರು ಚೀಟಿ ಅಂಟಿಸಿದರೆ ಪಾಪ ತೊಳೆಯಲಾರದು. ಈ ಸಂಸ್ಥೆಯ ಇಂಥ ಜಾಹೀರಾತು ಸ್ಪಷ್ಟವಾಗಿಲ್ಲವೆಂದು ನಾರ್ವೆಯ ಗ್ರಾಹಕರ ಪ್ರಾಧಿಕಾರವೇ 2019ರಲ್ಲಿ ಆಕ್ಷೇಪಿಸಿತು.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಗೃಹಸ್ಥರು ಸೊಪ್ಪು ಕೊಳ್ಳುವಾಗಲೂ ಕಟ್ಟನ್ನು ತಿರುಗಿಸಿ ನೋಡುವವರು. ಅಂಗಿ ಕೊಳ್ಳುವಾಗಲೂ ಹಾಗೆಯೇ ನೋಡಲಿ. ಇದನ್ನು ಹೊಲಿದವಳಿಗೆ ಕಾಯಿದೆಯ ಕೂಲಿ ಸಂದಿತೇ ಎಂದು ಕೇಳಿ, ಉತ್ತರ ಬಾರದ ಅಂಗಡಿಯ ಮೆಟ್ಟಿಲನ್ನು ಇಳಿದು ಬರಲಿ. ಲಾಭವನ್ನಲ್ಲದೆ ಬೇರೆ ಭಾಷೆಯನ್ನರಿಯದವರಿಗೆ ಅದೊಂದೇ ಅರ್ಥವಾಗುವ ಮಾತು.