ಚೌಕಾಸಿಯೂ ಕ್ಷಮೆಯೂ

ಪರದೇಶಕ್ಕೆ ಹೋದವರು ಅಲ್ಲಿಯ ಕೋಟೆಕೊತ್ತಲ, ಇಗರ್ಜಿ, ವಸ್ತುಸಂಗ್ರಹಾಲಯಗಳನ್ನು ನೋಡಿ ಬರುವುದು ವಾಡಿಕೆ. ಈಚೆಗೆ ಆ ಪಟ್ಟಿಗೆ ಮಾರುಕಟ್ಟೆಯೂ ಸೇರಿದೆ. ಪ್ರವಾಸಿಗಳು ಕ್ಯಾಮೆರಾ ಹಿಡಿದು ಮೀನಿನ ಸಾಲಿನಲ್ಲಿ ಅಡ್ಡಾಡಿ, ನಾಲ್ಕು ಚಿತ್ರ ತೆಗೆದು, ಏನನ್ನೂ ಕೊಳ್ಳದೆ ಹಿಂತಿರುಗುತ್ತಾರೆ. ಹೀಗೆ ನೋಡಿದರೆ ಮಾರುಕಟ್ಟೆಯನ್ನು ನೋಡಿದಂತಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಕೊಳ್ಳಬೇಕು, ಚೌಕಾಸಿ ಮಾಡಬೇಕು, ಒದಗಿದರೆ ಒಮ್ಮೆ ನಾಚಲೂ ಬೇಕು. ಈ ಮೂರೂ ನನಗೆ ಮನಿಲಾ ನಗರದಲ್ಲಿ ಒಂದೇ ಬೆಳಗ್ಗೆ ಒದಗಿದವು.

ನನ್ನ ಅಣ್ಣನ ಮಗ ಫಿಲಿಪ್ಪೀನ್ಸಿನಲ್ಲಿ ವೈದ್ಯಶಿಕ್ಷಣ ಪಡೆಯುತ್ತಿದ್ದಾನೆ. ಅವನನ್ನು ಕಾಣುವ ನೆಪದಿಂದ ಬೇಸಗೆಯ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆನು. ರೋಗಿಗಳೊಡನೆ ಮಾತನಾಡಬೇಕಾದ ಕಾರಣ ಹುಡುಗ ತಗಲೋಗ್ ಭಾಷೆಯನ್ನು ಚೆನ್ನಾಗಿಯೇ ಕಲಿತಿದ್ದನು. “ಚಿಕ್ಕಪ್ಪ, ನಿಮಗೆ ಮಾತಿನ ಹುಚ್ಚು. ನಾಳೆ ಬೆಳಗ್ಗೆ ಪಾಲೆಂಗ್ಕೆಗೆ ಹೋಗೋಣ ಬನ್ನಿ. ನಿಘಂಟಿನಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ” ಎಂದನು. ಪಾಲೆಂಗ್ಕೆ ಎಂದರೆ ಸಾರ್ವಜನಿಕ ಮಾರುಕಟ್ಟೆ.

ನಾವು ಹೋದದ್ದು ಪಾಸಿಗ್ ನದಿಯ ದಡದಲ್ಲಿ, ಕಿಯಾಪೊ ಇಗರ್ಜಿಗೆ ಸಮೀಪದಲ್ಲಿರುವ ಕಿಂತಾ ಮಾರುಕಟ್ಟೆಗೆ. ಸ್ಪೇನಿನವರ ಆಳ್ವಿಕೆಯಲ್ಲಿ, 1851ರಲ್ಲಿ ಹುಟ್ಟಿದ ಮಾರುಕಟ್ಟೆ ಅದು. ಈಗಿನ ಕಟ್ಟಡ ಮಾತ್ರ 2010ರ ದಶಕದ್ದು. ಒಂದು ಕಡೆ ಮೀನು ಮಾಂಸಗಳ ಒದ್ದೆ ಸಾಲು. ಇನ್ನೊಂದು ಕಡೆ ಅಕ್ಕಿ, ಒಣಮೀನು, ಪಾತ್ರೆ ಪಡಗಗಳ ಒಣ ಸಾಲು. ಹಾಗಲ, ಬದನೆ, ಬೆಂಡೆ, ನುಗ್ಗೆಸೊಪ್ಪು ಎಲ್ಲವೂ ನಮ್ಮ ಪರಿಚಿತರೇ. ಗೋಲಿಯಷ್ಟು ದಪ್ಪದ ಕಲಮಾನ್ಸಿ ಎಂಬ ನಿಂಬೆ ಮಾತ್ರ ಹೊಸದು.

ಹುಡುಗನ ಮಾತು ಸುಳ್ಳಾಗಲಿಲ್ಲ. ಪಾಲೆಂಗ್ಕೆ ಎಂಬುದು ಸ್ಪ್ಯಾನಿಷ್ ಭಾಷೆಯಿಂದ ಬಂದ ಮಾತು. ಸಂತೆಯಂಥ ಬಯಲು ವ್ಯಾಪಾರಕ್ಕೆ ಅವರು ತಿಯಾಂಗೆ ಎನ್ನುತ್ತಾರೆ. ಅದು ದೂರದ ಮೆಕ್ಸಿಕೋ ದೇಶದ ನಾವಾತ್ಲ್ ಭಾಷೆಯ ಮಾತು. 1565ರಿಂದ 1815ರವರೆಗೆ ಮನಿಲಾಕ್ಕೂ ಮೆಕ್ಸಿಕೋದ ಅಕಾಪುಲ್ಕೋ ಬಂದರಿಗೂ ನಡುವೆ ಓಡಾಡಿದ ಹಡಗುಗಳು ಸರಕಿನೊಡನೆ ಮಾತನ್ನೂ ಹೊತ್ತು ತಂದವು. ತಪ್ಪದೆ ಒಂದೇ ಅಂಗಡಿಗೆ ಬರುವ ಗಿರಾಕಿಗೂ ಆ ಅಂಗಡಿಯವನಿಗೂ ‘ಸುಕಿ’ ಎಂಬ ಒಂದೇ ಹೆಸರು. ಅದು ಚೀನೀ ವರ್ತಕರ ಹೊಕ್ಕಿಯೆನ್ ಮಾತಿನಿಂದ ಬಂದದ್ದು. ರುಚಿಗೆ ‘ಲಾಸ’ ಎನ್ನುತ್ತಾರೆ. ಅದು ನಮ್ಮ ರಸ. ಬೆಲೆಗೆ ‘ಹಲಗಾ’; ಅದು ಮಲಯ ಭಾಷೆಯ ಮೂಲಕ ಅಲ್ಲಿಗೆ ತಲುಪಿದ ಸಂಸ್ಕೃತದ ‘ಅರ್ಘ’. ಅನರ್ಘ್ಯರತ್ನ ಎನ್ನುವಾಗ ನಾವು ಬಳಸುವುದೂ ಅದರ ಬಳಗದ ಮಾತನ್ನೇ. ಇಷ್ಟನ್ನು ಕೇಳಿದ ಮೇಲೆ ನನಗೆ ಪರದೇಶದಲ್ಲಿದ್ದೇನೆಂಬ ಅಳುಕು ಹೋಯಿತು. ಅದರ ಜಾಗದಲ್ಲಿ ಕೊಂಚ ಜಂಬವೂ ಬಂದಿತು.

ಆ ಜಂಬದಲ್ಲಿಯೇ ನಾನು ಮಾವಿನಹಣ್ಣಿನ ಅಂಗಡಿಯ ಮುಂದೆ ನಿಂತೆನು. ಐವತ್ತರ ಗಡಿ ದಾಟಿದ ಹೆಂಗಸು. ಕಿಲೋಗೆ 180 ಪೆಸೊ ಎಂದಳು. ನಮ್ಮೂರ ಸಂತೆಯಲ್ಲಿ ಕಲಿತ ವಿದ್ಯೆ ಸಮುದ್ರ ದಾಟಿದರೆ ಮರೆಯುತ್ತದೆಯೇ? ಹಣ್ಣನ್ನು ಒತ್ತಿ ನೋಡಿದೆನು, ಮುಖ ಕಿವುಚಿದೆನು, ನಾಲ್ಕು ಹೆಜ್ಜೆ ಮುಂದೆ ಹೋದೆನು. ಆಕೆ ಕೂಗಿ ಕರೆದಳು. 140ಕ್ಕೆ ಇಳಿಯಿತು. ಗೆದ್ದ ಸಂತೋಷದಲ್ಲಿ ಹಣ ಎಣಿಸುತ್ತಿರುವಾಗ ಮೋಟಾರು ಬೈಸಿಕಲ್ಲನ್ನು ಹೊರಗೆ ನಿಲ್ಲಿಸಿ ರುಮಾಲು ಸುತ್ತಿದ ಒಬ್ಬಾತ ಒಳಗೆ ಬಂದನು. ನೋಡಿದೊಡನೆ ನಮ್ಮ ದೇಶದವನೆಂದು ತಿಳಿಯಿತು. ಆಕೆ ನಾನು ಕೊಟ್ಟ ನೋಟನ್ನೇ, ಇನ್ನೂ ಮಡಿಸಿಡುವ ಮೊದಲೇ, ಅವನ ಕೈಗಿತ್ತಳು. ಆತ ಚಿಕ್ಕ ಪುಸ್ತಕದಲ್ಲಿ ಏನನ್ನೋ ಗುರುತು ಹಾಕಿಕೊಂಡು ಮುಂದಿನ ಅಂಗಡಿಗೆ ಹೋದನು. ಹೆಂಗಸು ನನ್ನ ಕಡೆ ತಿರುಗಿ, ನಕ್ಕು, “ಬುಂಬಾಯ್?” ಎಂದು ಕೇಳಿದಳು.

ಮುಂಬಯಿಯ ಹಳೆಯ ಹೆಸರೇ ಅದು. ಫಿಲಿಪ್ಪೀನ್ಸಿನ ಜನಸಾಮಾನ್ಯರ ಬಾಯಲ್ಲಿ ಭಾರತೀಯರೆಲ್ಲರೂ ಬುಂಬಾಯ್. ಅಲ್ಲಿ ಒಂದು ಬಗೆಯ ಈರುಳ್ಳಿಗೂ ಅದೇ ಹೆಸರು. ಮಾರುಕಟ್ಟೆಯಲ್ಲಿ ಮಾತ್ರ ಆ ಮಾತಿಗೆ ಇನ್ನೊಂದು ಅರ್ಥವುಂಟು: ಬಡ್ಡಿಗೆ ಸಾಲ ಕೊಡುವವನು. ಪಂಜಾಬಿನಿಂದ ಹೋಗಿ ನೆಲಸಿದವರಲ್ಲಿ ಅನೇಕರು ಹಿಡಿದ ಕಸುಬು ಅದು. ಈಗ ಅಲ್ಲಿಯವರೂ ಅದನ್ನು ನಡೆಸುತ್ತಾರೆ. ಐದು ಕೊಟ್ಟು ಆರು ಪಡೆಯುವುದರಿಂದ ‘ಐದು–ಆರು’ ಎಂದೇ ಅದರ ಹೆಸರು. 5,000 ಪೆಸೊ ಸಾಲ ಪಡೆದವಳು ಅರವತ್ತು ದಿನಗಳಲ್ಲಿ ತೀರಿಸುವುದಾದರೆ ದಿನಕ್ಕೆ 100ರಂತೆ 6,000 ಕಟ್ಟಬೇಕು. ನಾನು ಗೆದ್ದ 40 ಪೆಸೊ ಎಂದರೆ ಅಂಥ ಕಂತಿನಲ್ಲಿ ಐದನೆಯ ಎರಡು ಪಾಲು. “ನಾವು ಅಂಥವರಲ್ಲ ಎಂದು ಹೇಳೋ” ಎಂದು ಹುಡುಗನಿಗೆ ಹೇಳಹೋದವನು ಅರ್ಧಕ್ಕೇ ನಿಲ್ಲಿಸಿದೆನು. ಆತ ಬಡ್ಡಿಯಲ್ಲಿ ಪಡೆದನು, ನಾನು ಬೆಲೆಯಲ್ಲಿ ಪಡೆದೆನು. ಆತನಾದರೋ ಬ್ಯಾಂಕು ಹತ್ತಿರ ಸೇರಿಸದ ಹೆಂಗಸಿಗೆ, ಅಡವು ಕೇಳದೆ, ಅಂಗಡಿಯ ಬಾಗಿಲಿಗೇ ಹಣ ತಂದು ಕೊಟ್ಟಿದ್ದನು. ನಾನು ಕೊಟ್ಟದ್ದೇನು?

ಹಿಂತಿರುಗುವಾಗ ಹುಡುಗ ಒಂದು ಮಾತು ಹೇಳಿದನು. ತಗಲೋಗ್ ಭಾಷೆಯಲ್ಲಿ ಬೆಲೆ ಇಳಿಸೆಂದು ಕೇಳುವುದಕ್ಕೆ ‘ತಾವದ್’ ಎನ್ನುತ್ತಾರೆ. ಕ್ಷಮೆಗೂ ಅದೇ ಮಾತು. ತಪ್ಪು ಮಾಡಿದವನು ‘ಪತಾವದ್’ ಎಂದು ಬೇಡುತ್ತಾನೆ. “ಚಿಕ್ಕಪ್ಪ, ನೀವು ಕೇಳಬೇಕಾದದ್ದನ್ನು ಕೇಳಲಿಲ್ಲ, ಕಿತ್ತುಕೊಂಡಿರಿ” ಎಂದು ಹುಡುಗ ನಕ್ಕನು. ಇಪ್ಪತ್ತು ವರ್ಷ ವಿದ್ಯಾರ್ಥಿಗಳಿಗೆ ಅರ್ಥವಿವರಣೆ ಮಾಡಿದ ನನಗೆ ಒಂದು ಮಾತಿನ ಅರ್ಥ ಹೀಗೆ ತಾಗಿದ್ದು ಅಪರೂಪ.

ಅದೇ ಮಧ್ಯಾಹ್ನ ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಲಗುನಾ ಪ್ರಾಂತದ ನದಿಯೊಂದರ ಬಳಿ 1989ರಲ್ಲಿ ದೊರೆತ ತಾಮ್ರಪಟ ಅಲ್ಲಿದೆ. ಆ ದೇಶದಲ್ಲಿ ಕಾಲ ನಮೂದಿಸಿರುವ ಬರಹಗಳಲ್ಲಿ ಅತ್ಯಂತ ಹಳೆಯದು ಅದೇ. ನಮ್ಮ ಶಾಸನಗಳಂತೆಯೇ ‘ಸ್ವಸ್ತಿ’ ಎಂದು ಮೊದಲಾಗಿ ಶಕವರ್ಷ 822, ವೈಶಾಖಮಾಸ ಎಂದು ಕಾಲ ಹೇಳುತ್ತದೆ, ಕ್ರಿ.ಶ. 900. ಆಗ ನಮ್ಮಲ್ಲಿ ರಾಷ್ಟ್ರಕೂಟ ಇಮ್ಮಡಿ ಕೃಷ್ಣನು ಆಳುತ್ತಿದ್ದನು. ಆ ಪಟದ ವಿಷಯ ಯುದ್ಧವಲ್ಲ, ದಾನವಲ್ಲ, ವಂಶಪ್ರಶಸ್ತಿಯೂ ಅಲ್ಲ. ನಮ್ವರಾನ್ ಎಂಬವನ ಚಿನ್ನದ ಸಾಲವನ್ನು ಮನ್ನಿಸಲಾಯಿತು, ಅವನ ಮಕ್ಕಳು ಋಣಮುಕ್ತರು ಎಂಬುದೇ ಅದರ ಸಾರಾಂಶ. ಮನ್ನಿಸಿದ ಅಧಿಕಾರಿಯ ಊರು, ವಿದ್ವಾಂಸರ ಮತದಂತೆ, ನಾವು ಬೆಳಗ್ಗೆ ಹೋಗಿದ್ದ ಮಾರುಕಟ್ಟೆಗೆ ಬಹು ದೂರವಲ್ಲದ ತೊಂದೊ.

ಹಳೆಯ ಮಾರುಕಟ್ಟೆಗಳು ಗಲೀಜು, ಅವನ್ನು ಕೆಡವಿ ಮಾಲುಗಳನ್ನು ಕಟ್ಟಬೇಕು ಎನ್ನುವವರು ಅಲ್ಲಿಯೂ ಇದ್ದಾರೆ. ಮಾಲಿನಲ್ಲಿ ಬೆಲೆಚೀಟಿ ಉಂಟು, ಚೊಕ್ಕಟವುಂಟು, ನಿಜ. ಆದರೆ ಪಾಲೆಂಗ್ಕೆಯಲ್ಲಿ ಆ ಹೊತ್ತಿನ ಅಡುಗೆಗೆ ಬೇಕಾದಷ್ಟೇ ಬೆಳ್ಳುಳ್ಳಿಯನ್ನೋ ಎಣ್ಣೆಯನ್ನೋ ಬಿಡಿಯಾಗಿ ಕೊಳ್ಳಬಹುದು. ‘ತಿಂಗಿ’ ಎಂಬ ಈ ಪದ್ಧತಿ ದಿನಗೂಲಿಯವನ ಒಲೆಯನ್ನು ಉರಿಸುತ್ತದೆ. ಸುಕಿಗೆ ಹಿಡಿ ಹೆಚ್ಚು ಬೀಳುತ್ತದೆ, ಕೈಸೋತ ದಿನ ಕಡವೂ ಸಿಗುತ್ತದೆ. ಬೆಲೆಚೀಟಿ ಯಾರನ್ನೂ ಮನ್ನಿಸುವುದಿಲ್ಲ.

ಹಾಗೆಂದು ಮಾರುಕಟ್ಟೆಯನ್ನು ಹೊಗಳಿ ಹಾಡುವುದೂ ನನಗೆ ಒಪ್ಪಿಗೆಯಿಲ್ಲ. ಸುಕಿಯ ನಗೆಮುಖದ ಹಿಂದೆ ‘ಐದು–ಆರು’ ಇದೆ. 2017ರಲ್ಲಿ ಅಲ್ಲಿಯ ಸರ್ಕಾರ ಸಣ್ಣ ವ್ಯಾಪಾರಿಗಳಿಗಾಗಿ ಕಡಿಮೆ ಬಡ್ಡಿಯ ಸಾಲದ ಯೋಜನೆಯೊಂದನ್ನು ಆರಂಭಿಸಿತು. ಮಾರುಕಟ್ಟೆಯನ್ನು ಉದ್ಧರಿಸುವ ದಾರಿ ಅದೇ ಹೊರತು ಕಟ್ಟಡದ ಹೊಳಪಲ್ಲ. ಸಾಲ ಕೊಡುವವನು ಬೈಸಿಕಲ್ಲಿನಲ್ಲಿ ಅಂಗಡಿಯ ಬಾಗಿಲಿಗೆ ಬರಬಲ್ಲನಾದರೆ ಬ್ಯಾಂಕೂ ಬರಬೇಕು.

ಮರುದಿನ ಮತ್ತೆ ಅಲ್ಲಿಗೇ ಹೋದೆನು. ಪ್ರಾಯಶ್ಚಿತ್ತವೆಂಬಂತೆ ಕೇಳಿದಷ್ಟೂ ಕೊಡಹೋದರೆ ಆ ಹೆಂಗಸಿಗೆ ಹಿಡಿಸಲಿಲ್ಲ. ಹುಬ್ಬು ಗಂಟಿಕ್ಕಿ ಹುಡುಗನ ಮುಖ ನೋಡಿದಳು. “ಅವಳಿಗೇನು ದಾನ ಕೊಡುತ್ತಿದ್ದೀರಾ, ಚಿಕ್ಕಪ್ಪ? ಸ್ವಲ್ಪ ಕೇಳಿ” ಎಂದನು ಅವನು. ನಾನು ಕಲಿತ ಒಂದೇ ಮಾತನ್ನು ತಡವರಿಸುತ್ತ ಹೇಳಿದೆನು: “ತಾವದ್.” ಆಕೆ ಹತ್ತು ಪೆಸೊ ಬಿಟ್ಟಳು, ಮೇಲೆ ಒಂದು ಹಿಡಿ ಕಲಮಾನ್ಸಿ ಹಾಕಿದಳು. ಬಿಟ್ಟದ್ದು ಬೆಲೆಯನ್ನೋ ನಿನ್ನೆಯ ತಪ್ಪನ್ನೋ ಎಂದು ನಾನು ಕೇಳಲಿಲ್ಲ. ಆ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಮಾತಿಲ್ಲ.