ಮಾತ್ರೆ ಸಿಗುತ್ತದೆ, ಮಾತಿಗೆ ಜಾಗವಿಲ್ಲ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ತಾಲ್ಲೂಕು ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚನೆಗೆ ಕೋಣೆ, ಸಮಯ, ಕಾಯಂ ಸಿಬ್ಬಂದಿ ಒದಗಿಸುವ ಕುರಿತು

ಮಾನ್ಯರೇ,

ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಜಿಲ್ಲಾಸ್ಪತ್ರೆಯಿಂದ ಮನೋವೈದ್ಯರು ಬರುತ್ತಾರೆ. ಅದು ನಿಮ್ಮ ಇಲಾಖೆಯ ‘ಮನೋಚೈತನ್ಯ’ ಕಾರ್ಯಕ್ರಮದ ದಿನ. ವೈದ್ಯರು ಬರುವುದು ಸುಳ್ಳಲ್ಲ, ಮಾತ್ರೆ ಪುಕ್ಕಟೆ ಸಿಗುವುದೂ ಸುಳ್ಳಲ್ಲ. ಮೂರ್ಛೆರೋಗ, ಸ್ಕಿಜೋಫ್ರೇನಿಯಾ ಇರುವವರ ಮನೆಗಳಿಗೆ ಇದರಿಂದ ಆಗಿರುವ ಉಪಕಾರವನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ತಕರಾರಿರುವುದು ಮಾತ್ರೆಯಿಂದಾಚೆಗೆ ಅಲ್ಲಿ ಏನೂ ಇಲ್ಲವಲ್ಲ ಎಂಬುದರ ಬಗ್ಗೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ದ್ವಿತೀಯ ಪಿಯುಸಿಯ ಹುಡುಗನೊಬ್ಬ ಮಾತು ಬಿಟ್ಟ, ಊಟ ಬಿಟ್ಟ. (ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ.) ಗಾಳಿ ಸೋಕಿದೆ ಎಂದು ಮನೆಯವರು ದೇವರ ಹೇಳಿಕೆ ಕೇಳಿದರು, ತಾಯಿತ ಕಟ್ಟಿಸಿದರು, ಕೊನೆಗೆ ನಮ್ಮ ಒತ್ತಾಯಕ್ಕೆ ಆಸ್ಪತ್ರೆಗೆ ಕರೆತಂದರು. ಕೋಣೆಯ ಬಾಗಿಲು ಹಾಕುವಂತಿರಲಿಲ್ಲ, ಮೇಜಿನ ಸುತ್ತ ಚೀಟಿ ಹಿಡಿದ ಜನ. ವೈದ್ಯರು ‘ಏನಪ್ಪಾ ತೊಂದರೆ?’ ಎಂದರೆ ಉತ್ತರ ಕೊಟ್ಟಿದ್ದು ಅಪ್ಪ. ಹುಡುಗನಿಗೆ ಹೇಳಲಿಕ್ಕಿದ್ದದ್ದೇ ಆ ಅಪ್ಪನ ವಿಷಯ ಎಂಬುದು ನಮಗೆ ಗೊತ್ತಾಗುವಷ್ಟರಲ್ಲಿ ಅವನು ಕಾಲೇಜು ಬಿಟ್ಟಾಗಿತ್ತು.

ವೈದ್ಯರನ್ನು ನಾನು ದೂರುವುದಿಲ್ಲ. ಅದೇ ಹೊತ್ತಿನಲ್ಲಿ ಅವರು ಹಳೆಯ ರೋಗಿಗಳಿಗೆ ಮಾತ್ರೆ ಬರೆಯಬೇಕು, ಅಂಗವಿಕಲರ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು, ಕುಡಿತ ಬಿಡಿಸಿ ಎಂದು ಗಂಡನನ್ನು ಎಳೆದುಕೊಂಡು ಬಂದ ಹೆಂಗಸಿಗೂ ಸಮಾಧಾನ ಹೇಳಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನಶ್ಶಾಸ್ತ್ರಜ್ಞರ ಹುದ್ದೆಯೂ ಇದೆ, ಮನೋಸಾಮಾಜಿಕ ಕಾರ್ಯಕರ್ತರ ಹುದ್ದೆಯೂ ಇದೆ. ಅವರ ಮುಖವನ್ನು ನಮ್ಮ ತಾಲ್ಲೂಕು ಕಂಡದ್ದು ಅಕ್ಟೋಬರ್ 10ರ ಮಾನಸಿಕ ಆರೋಗ್ಯ ದಿನದ ಭಾಷಣದಲ್ಲಿ ಮಾತ್ರ.

ಮಾತಿನ ಚಿಕಿತ್ಸೆಗೆ ದುಬಾರಿ ಯಂತ್ರವೇನೂ ಬೇಡ. ಬೇಕಾದದ್ದು ತರಬೇತಾದ ಒಬ್ಬರು, ಪ್ರತಿ ವಾರವೂ ಅವರೇ, ಮುಚ್ಚಿದ ಬಾಗಿಲು, ಮುಕ್ಕಾಲು ಗಂಟೆ. ಮೊದಲ ಭೇಟಿಯಲ್ಲಿ ಹದಿನೇಳರ ಹುಡುಗ ಕ್ರಿಕೆಟ್ ಬಗ್ಗೆಯಷ್ಟೇ ಮಾತಾಡಿ ಎದ್ದು ಹೋಗಬಹುದು, ಅದೂ ಕೆಲಸವೇ. ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ನಿಜವಾದ ಮಾತು ಬರುತ್ತದೆ. ಆಮೇಲೆ ಯಾವ ಹೊತ್ತಿಗೆ ಎಂಥ ಯೋಚನೆ ನುಗ್ಗುತ್ತದೆ, ಅದು ಎಷ್ಟು ಖರೆ ಎಂದು ಕೂತು ಬಿಡಿಸಿ ನೋಡುವುದು, ಮುಂದಿನ ವಾರದೊಳಗೆ ಮಾಡಿ ಬರಲು ಒಂದು ಸಣ್ಣ ಕೆಲಸ ಒಪ್ಪಿಕೊಳ್ಳುವುದು. ಬುದ್ಧಿವಾದಕ್ಕೂ ಇದಕ್ಕೂ ಸಂಬಂಧವಿಲ್ಲ. ಬುದ್ಧಿ ಹೇಳಲು ನಾವು ಮೇಷ್ಟ್ರುಗಳು ಬೇಕಾದಷ್ಟು ಜನ ಇದ್ದೇವೆ.

ಇದೆಲ್ಲ ದೊಡ್ಡ ಊರಿನ ಶೋಕಿ ಎನ್ನುವವರು ಪಕ್ಕದ ಗೋವಾ ನೋಡಲಿ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ ತೀವ್ರ ಖಿನ್ನತೆಯ ವಯಸ್ಕರಿಗಾಗಿ ‘ಸಂಗತ್’ ಸಂಸ್ಥೆ, ವೈದ್ಯರಲ್ಲದ ಸ್ಥಳೀಯರನ್ನೇ ತರಬೇತುಗೊಳಿಸಿ ಆರರಿಂದ ಎಂಟು ಭೇಟಿಗಳ ಸಮಾಲೋಚನೆ ಕೊಡಿಸಿತು. ಖಿನ್ನತೆಯಲ್ಲಿ ಕೈಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಸುವುದು ಅದರ ತಿರುಳು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವರದಿಯಂತೆ ಮೂರು ತಿಂಗಳಿಗೆ ಅವರಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ 39. ಇನ್ನು ಜಿಲ್ಲಾ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದೇ ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್‌ನವರ ಕೈಯಲ್ಲಿ. ದೇಶಕ್ಕೆ ದಾರಿ ತೋರಿಸಿದ ರಾಜ್ಯವನ್ನು ಇಷ್ಟು ಕೇಳುವುದು ಅತಿಯಾಸೆಯೇ?

ಕೋಣೆ ಎಲ್ಲಿದೆ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಎಚ್‌ಐವಿ ಪರೀಕ್ಷೆಗೆ ಬರುವವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಐಸಿಟಿಸಿ ಕೇಂದ್ರವಿದೆ, ಆಪ್ತಸಮಾಲೋಚಕರಿದ್ದಾರೆ, ಗುಟ್ಟು ಕಾಯುವ ಕ್ರಮವಿದೆ. ಆ ರೋಗಕ್ಕೆ ಸಾಧ್ಯವಾದದ್ದು ಈ ಸಂಕಟಕ್ಕೆ ಏಕಾಗದು?

14416ಕ್ಕೆ ಕರೆ ಮಾಡಿ ಎನ್ನುತ್ತೀರಿ. ಆ ಸಹಾಯವಾಣಿ, ಟೆಲಿ ಮಾನಸ್, 2022ರಿಂದ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡುತ್ತಾರೆ, ಮಧ್ಯರಾತ್ರಿಯೂ ಸಿಗುತ್ತಾರೆ. ನಾನೇ ಮಕ್ಕಳಿಗೆ ಆ ನಂಬರ್ ಬರೆದುಕೊಟ್ಟಿದ್ದೇನೆ. ಆದರೆ ಸ್ವಂತ ಫೋನಿಲ್ಲದ ಹುಡುಗಿ ಒಂದೇ ಕೋಣೆಯ ಮನೆಯಲ್ಲಿ, ಅತ್ತಿಗೆ ಅಡುಗೆ ಮಾಡುತ್ತಿರುವಾಗ ಏನೆಂದು ಮಾತಾಡಿಯಾಳು? ಖಾಸಗಿಯವರಲ್ಲಿಗೆ ಹೋದರೆ ಗಂಟೆಗೆ ಸಾವಿರವೋ ಎರಡು ಸಾವಿರವೋ. ಬಸ್ ಚಾರ್ಜು, ತಪ್ಪಿದ ಒಂದು ದಿನದ ಕೂಲಿ ಬೇರೆ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಸೆಕ್ಷನ್ ಸರ್ಕಾರಿ ಸೇವೆಯನ್ನು ಪ್ರತಿಯೊಬ್ಬರ ಹಕ್ಕೆಂದು ಹೇಳುತ್ತದೆ, 23ನೆಯದು ಗೋಪ್ಯತೆಯನ್ನು. ಬಾಗಿಲು ಹಾಕಲಾಗದ ಕೋಣೆಯಲ್ಲಿ ಈ ಎರಡನೆಯದು ಎಲ್ಲಿ ಉಳಿಯಿತು?

ನನ್ನ ಕೋರಿಕೆ ಸಣ್ಣದು. ತಾಲ್ಲೂಕಿಗೆ ಒಬ್ಬರು ತರಬೇತಾದ ಸಮಾಲೋಚಕರು ಬೇಕು. ವರ್ಷವರ್ಷ ಗುತ್ತಿಗೆ ಮುಗಿದು ಬದಲಾಗುವವರಾದರೆ ರೋಗಿ ತನ್ನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ, ಹೇಳುವುದಿಲ್ಲ. ವಾರದಲ್ಲಿ ಎರಡು ದಿನವಾದರೂ ಸಂಜೆ ನಾಲ್ಕರ ನಂತರ ಅವರು ಸಿಗಲಿ. ಕಾಲೇಜು ಬಿಡುವುದೂ ಕೂಲಿ ಮುಗಿಯುವುದೂ ಆಗಲೇ. ಹದಿಹರೆಯದವರ ಜೊತೆ ಸ್ವಲ್ಪ ಹೊತ್ತಾದರೂ ಪಾಲಕರಿಲ್ಲದೆ ಮಾತಾಡುವ ಪದ್ಧತಿ ಇರಲಿ. ಬಾಗಿಲ ಮೇಲೆ ‘ಮನೋರೋಗ ವಿಭಾಗ’ ಎಂಬ ಫಲಕ ಮಾತ್ರ ದಯವಿಟ್ಟು ಬೇಡ, ಕೋಣೆಯ ನಂಬರ್ ಸಾಕು. ನಮ್ಮ ಕಡೆ ಆ ಬಾಗಿಲಲ್ಲಿ ಕಂಡ ಹುಡುಗಿಯ ಮದುವೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ.

ಈ ಹಿಂದೆ ಜಿಲ್ಲಾ ಕಚೇರಿಗೆ ಕೊಟ್ಟ ಮನವಿಗೆ ‘ಮುಂದಿನ ಕ್ರಮಕ್ಕಾಗಿ ರವಾನಿಸಲಾಗಿದೆ’ ಎಂಬ ಹಿಂಬರಹ ಬಂದಿತ್ತು. ಈ ಸಲ ಯಾರಿಗೆ ರವಾನೆಯಾಯಿತು, ಅವರು ಯಾವ ದಿನಾಂಕದೊಳಗೆ ಉತ್ತರ ಕೊಡಬೇಕು ಎಂಬುದನ್ನೂ ಬರೆಸಿ ಕಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪದವಿಪೂರ್ವ ಕಾಲೇಜು ಉಪನ್ಯಾಸಕ