ಮುದ್ರೆಯ ಬಳೆ ಮತ್ತು ಯಂತ್ರದ ಸಹಿ

ಹರಪನಹಳ್ಳಿ ತಾಲೂಕಿನ ನೀಲಗುಂದವು ಭೀಮೇಶ್ವರ ದೇವಾಲಯದ ಶಿಲ್ಪಕ್ಕೆ ಹೆಸರಾಗಿರುವಂತೆಯೇ ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ತಾಮ್ರಶಾಸನಗಳಿಂದಲೂ ಶಾಸನಾಭ್ಯಾಸಿಗಳಿಗೆ ಪರಿಚಿತವಾದ ಊರು. ಎಲ್.ಡಿ. ಬಾರ್ನೆಟ್ ಅವರು ಈ ಶಾಸನಗಳನ್ನು ಎಪಿಗ್ರಾಫಿಯ ಇಂಡಿಕದ 12ನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ. ತಾಮ್ರಶಾಸನವನ್ನು ಸಂಪಾದಿಸುವ ವಿದ್ವಾಂಸರು ಪಾಠಕ್ಕೆ ಕೈಹಾಕುವ ಮೊದಲು ಒಂದು ಸಂಗತಿಯನ್ನು ದಾಖಲಿಸುವುದು ವಾಡಿಕೆ: ಹಲಗೆಗಳನ್ನು ಪೋಣಿಸಿದ ಬಳೆಯು ತಮ್ಮ ಕೈಸೇರಿದಾಗ ಕತ್ತರಿಸಲ್ಪಟ್ಟಿತ್ತೇ, ಇಲ್ಲವೇ ಎಂಬುದು. ಮೇಲ್ನೋಟಕ್ಕೆ ಇದು ಸಣ್ಣ ವಿವರ. ಆದರೆ ಬಳೆಯ ತುದಿಗಳು ರಾಜಮುದ್ರೆಯಲ್ಲಿ ಬೆಸೆದುಕೊಂಡಿರುವುದರಿಂದ, ಬಳೆ ಅಖಂಡವಾಗಿದ್ದರೆ ನಡುವಿನ ಹಲಗೆಯನ್ನು ಯಾರೂ ಬದಲಿಸಿಲ್ಲವೆಂದು ನಂಬಬಹುದು. ಕತ್ತರಿಸಿದ್ದರೆ ಸಂದೇಹಕ್ಕೆ ಎಡೆಯಿದೆ.

ಈಗ ಶಾಸನದ ಛಾಯಾಚಿತ್ರವನ್ನು ಕೊಟ್ಟರೆ ಲಿಪ್ಯಂತರ, ಪದವಿಭಾಗ, ಅನುವಾದ, ಟಿಪ್ಪಣಿಗಳನ್ನು ಒಂದರ ಹಿಂದೊಂದರಂತೆ ತಾನೇ ಮಾಡಿಮುಗಿಸಲು ಮುಂದಾಗುವ ಕೃತಕ ಬುದ್ಧಿಮತ್ತೆಯ ‘ಏಜೆಂಟ್’ಗಳು ಬಂದಿವೆ. ಇಂತಹ ಯಂತ್ರದ ಕೆಲಸಕ್ಕೂ ಒಂದು ಮುದ್ರೆ ಬೇಕೆಂಬ ವಾದ ನ್ಯಾಯವಾದುದು. ಅದಕ್ಕೆ ಸೂಚಿತವಾಗಿರುವ ಉಪಾಯವೆಂದರೆ ಸಾರ್ವಜನಿಕ ಕೀಲಿಯ ಗೂಢಲಿಪಿ ವಿಧಾನ. ಡಿಫಿ ಮತ್ತು ಹೆಲ್‌ಮನ್ 1976ರಲ್ಲಿ ಮಂಡಿಸಿದ ಈ ವಿಚಾರದಲ್ಲಿ ಪರಸ್ಪರ ಸಂಬಂಧವುಳ್ಳ ಎರಡು ಕೀಲಿಗಳಿರುತ್ತವೆ. ಗುಟ್ಟಾಗಿ ಉಳಿಯುವ ಖಾಸಗಿ ಕೀಲಿಯಿಂದ ಕಡತದ ‘ಹ್ಯಾಶ್’ ಎಂಬ ಸಂಕ್ಷಿಪ್ತ ಗುರುತಿಗೆ ಸಹಿ ಬೀಳುತ್ತದೆ. ಬಹಿರಂಗವಾಗಿರುವ ಇನ್ನೊಂದು ಕೀಲಿಯಿಂದ ಯಾರು ಬೇಕಾದರೂ ಅದನ್ನು ಪರಿಶೀಲಿಸಬಹುದು. ಒಂದು ಒತ್ತಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ. ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 3ನೆಯ ಕಲಮು ಇದಕ್ಕೆ ಮಾನ್ಯತೆ ನೀಡಿತು.

ಆದರೆ ಮುದ್ರೆಯಿದ್ದ ಮಾತ್ರಕ್ಕೆ ಶಾಸನ ಸತ್ಯವಾಗುವುದಿಲ್ಲ. ಜೆ.ಎಫ್. ಫ್ಲೀಟ್ ಅವರು 1901ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಕೂಟಶಾಸನಗಳ ಪಟ್ಟಿಯೊಂದನ್ನೇ ಪ್ರಕಟಿಸಿದರು. ಗಂಗರ ತಾಮ್ರಪಟಗಳ ವಿಷಯದಲ್ಲಿ ಅವರಿಗೂ ಬಿ.ಎಲ್. ರೈಸ್ ಅವರಿಗೂ ನಡೆದ ವಾದವನ್ನು ಕನ್ನಡ ವಿದ್ವತ್ತು ಮರೆತಿಲ್ಲ. ಅಲ್ಲಿ ಚರ್ಚೆಗೆ ಬಂದುದು ಲಿಪಿಯ ಕಾಲ, ತಿಥಿವಾರಗಳ ಗಣನೆ, ವಂಶಾವಳಿ. ಯಂತ್ರದ ಸಹಿಯೂ ಹಾಗೆಯೇ: ಈ ಪಾಠ ಈ ಕೀಲಿಯುಳ್ಳವರಿಂದ ಬಂದಿದೆ, ಆಮೇಲೆ ತಿದ್ದಲ್ಪಟ್ಟಿಲ್ಲ ಎಂದಷ್ಟೇ ಅದು ಹೇಳಬಲ್ಲದು. ಪಾಠ ಸರಿಯೇ ಎಂಬ ಪ್ರಶ್ನೆ ಅದರ ವ್ಯಾಪ್ತಿಯ ಹೊರಗಿನದು.

ಅಪಾಯವಿರುವುದು ಇಲ್ಲಿಯೇ. ತ್ರುಟಿತವಾದ ಕಡೆ ಊಹಿಸಿ ತುಂಬಿದ ಅಕ್ಷರವನ್ನು ಕಂಸದಲ್ಲಿಡುವುದು ಶಾಸನ ಸಂಪಾದನೆಯ ಶಿಸ್ತು. ಅದು ಸಂಪಾದಕನ ಪ್ರಾಮಾಣಿಕತೆಯ ಕುರುಹು. ಏಜೆಂಟು ಅಳಿಸಿಹೋದ ಎಲ್ಲೆಯ ಹಳ್ಳವನ್ನೋ ದಾನಿಯ ಹೆಸರನ್ನೋ ಕಂಸವಿಲ್ಲದೆ ತುಂಬಿ ಸಹಿ ಹಾಕಿದರೆ, ಊಹೆಯು ಮುದ್ರೆಯ ಬಲದಿಂದ ಪಾಠವಾಗಿ ಸಾಗುತ್ತದೆ. ಸಹಿಯಿಲ್ಲದ ತಪ್ಪಿಗಿಂತ ಸಹಿಯುಳ್ಳ ತಪ್ಪು ಹೆಚ್ಚು ಕಾಲ ಬದುಕುವ ಸಂಭವವಿದೆ.

ಪರಿಹಾರಕ್ಕೆ ಶಾಸನಗಳಲ್ಲಿಯೇ ಒಂದು ಮಾದರಿಯಿದೆ. ಅನೇಕ ಶಾಸನಗಳು ರಚಿಸಿದ ಕವಿ, ಬರೆದ ಲಿಪಿಕಾರ, ಕಂಡರಿಸಿದ ರೂವಾರಿಯನ್ನು ಬೇರೆಬೇರೆಯಾಗಿ ಹೆಸರಿಸುತ್ತವೆ. ಅದರಂತೆಯೇ ಮೂಲ ಛಾಯಾಚಿತ್ರ, ಯಂತ್ರದ ಮೊದಲ ಓದು, ವಿದ್ವಾಂಸರ ತಿದ್ದುಪಡಿ ಇವಕ್ಕೆ ಪ್ರತ್ಯೇಕ ಸಹಿಗಳಿರಬೇಕು. ಒಂದೇ ಯಂತ್ರದ ಸಾವಿರ ಪ್ರತಿಗಳು ಒಂದೇ ಕೀಲಿಯಿಂದ ಸಹಿ ಹಾಕಬಲ್ಲವಾದ್ದರಿಂದ, ಯಾವ ಮಾದರಿಯ ಯಾವ ಆವೃತ್ತಿ ಓದಿತೆಂಬುದೂ ಸಹಿಯಾದ ಭಾಗದಲ್ಲಿ ಸೇರಬೇಕು. ಹೊಣೆ ಮಾತ್ರ ಯಂತ್ರದ್ದಾಗಲಾರದು. ಮೇಲೆ ಹೇಳಿದ ಕಾಯ್ದೆಯ 11ನೆಯ ಕಲಮು ಸ್ವಯಂಚಾಲಿತ ವ್ಯವಸ್ಥೆಯು ಕಳುಹಿಸಿದ ದಾಖಲೆಯನ್ನೂ ಅದನ್ನು ಹಾಗೆ ನಡೆಯುವಂತೆ ಅಣಿಗೊಳಿಸಿದವರದೆಂದೇ ಪರಿಗಣಿಸುತ್ತದೆ. 42ನೆಯ ಕಲಮು ಖಾಸಗಿ ಕೀಲಿಯನ್ನು ಕಾಯುವ ಕರ್ತವ್ಯವನ್ನು ಅದರ ಧಾರಕರಿಗೆ ವಹಿಸುತ್ತದೆ. ಯಂತ್ರ ಓದಿತು ಎಂದು ಸಂಶೋಧಕರು ಜಾರಿಕೊಳ್ಳುವಂತಿಲ್ಲ.

ಕನ್ನಡ ಪಾಠಗಳಲ್ಲಿ ಎದುರಾಗುವ ತೊಡಕೊಂದನ್ನು ತಂತ್ರಜ್ಞರು ಹೆಚ್ಚಾಗಿ ಗಮನಿಸಿದಂತಿಲ್ಲ. ಯೂನಿಕೋಡ್‌ನಲ್ಲಿ ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ದಾಖಲಿಸಬಹುದು. ಕಣ್ಣಿಗೆ ಎರಡೂ ಒಂದೇ. ಹ್ಯಾಶಿನ ಲೆಕ್ಕದಲ್ಲಿ ಬೇರೆ. ಪಾಠ ಬದಲಾಗದಿದ್ದರೂ ಸಹಿ ಸುಳ್ಳೆಂದು ತೋರೀತು. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಿಂದ ಯೂನಿಕೋಡಿಗೆ ಪರಿವರ್ತಿಸಿದ ಕಡತಗಳಂತೂ ಮೊದಲಿನ ಸಹಿಗೆ ಹೊಂದಲಾರವು. ಸಹಿಗೆ ಮುನ್ನ ಪಾಠವನ್ನು ಒಂದೇ ಸಂಕೇತರೂಪಕ್ಕೆ ತರುವ ನಿಯಮವನ್ನು ಕನ್ನಡ ವಿಭಾಗಗಳೇ ಕೂಡಿ ನಿಶ್ಚಯಿಸಬೇಕು. ಇದು ಗಣಕ ವಿಭಾಗದವರಿಗೆ ಬಿಟ್ಟುಕೊಡುವ ಕೆಲಸವಲ್ಲ.

ಇನ್ನು ಉಳಿಯುವುದು ಕಾಲದ ಪ್ರಶ್ನೆ. ಪರವಾನಗಿ ಪಡೆದ ಸಂಸ್ಥೆಗಳು ನೀಡುವ ಪ್ರಮಾಣಪತ್ರದ ಅವಧಿ ಕೆಲವೇ ವರ್ಷಗಳದು. ಸಹಿ ಹಾಕಿದ ದಿನಾಂಕವನ್ನು ಮೂರನೆಯವರೊಬ್ಬರು ದೃಢೀಕರಿಸದಿದ್ದರೆ, ಹಾಗೂ ಆ ಸಾರ್ವಜನಿಕ ಕೀಲಿಯನ್ನು ಗ್ರಂಥಾಲಯವೊಂದು ಸಂಪುಟಗಳ ಜೊತೆಯಲ್ಲಿಯೇ ಕಾಪಾಡದಿದ್ದರೆ, ಸಹಿ ಹಾಕಿದ ವಿದ್ವಾಂಸರು ನಿವೃತ್ತರಾಗುವ ಮುನ್ನವೇ ಅದನ್ನು ಪರಿಶೀಲಿಸುವುದು ಕಷ್ಟವಾಗಬಹುದು.